ಸಾಲಿಗೆ ಬಾರದವರು

ಮಗಳೇ,

ಮುಂದಿನ ತಿಂಗಳು ನೀನು ಚಾಡ್ ದೇಶದ ಅದ್ರೆ ಎಂಬ ಗಡಿ ಊರಿಗೆ ಹೊರಡುತ್ತೀಯ. ಸೂಡಾನಿನ ಯುದ್ಧದಿಂದ ಜೀವ ಉಳಿಸಿಕೊಂಡು ಓಡಿಬಂದವರಿಗೆ ಆಹಾರ ಹಂಚುವ ಕೆಲಸ. ನಿಮ್ಮಪ್ಪನಿಗೆ ಭಯ, ನಿಮ್ಮಜ್ಜಿಗೆ ಸಂಕಟ. ನನಗೆ ಎರಡೂ ಇದೆ, ಅವೆರಡಕ್ಕಿಂತ ಹೆಚ್ಚಾಗಿ ಹೆಮ್ಮೆ ಇದೆ.

ಪೌಷ್ಟಿಕ ಆಹಾರದ ಶಾಸ್ತ್ರವನ್ನು ಮೈಸೂರಿನಲ್ಲಿ ಓದಿ ಬಂದವಳು ನೀನು. ಅದರಲ್ಲಿ ತಾತ ಹೇಳಿಕೊಡುವಂಥದ್ದು ಏನೂ ಇಲ್ಲ. ಆದರೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಫುಡ್ ಇನ್ಸ್‌ಪೆಕ್ಟರ್ ಆಗಿ, ಕೊನೆಗೆ ಆಹಾರ ಶಿರಸ್ತೇದಾರನಾಗಿ, ಸರ್ಕಾರದ ಅಕ್ಕಿಯನ್ನು ಗೋದಾಮಿನಿಂದ ಜನರ ಮನೆಗೆ ಮುಟ್ಟಿಸುವುದರಲ್ಲೇ ನನ್ನ ಪ್ರಾಯವೆಲ್ಲ ಕಳೆಯಿತು. ಅದರಿಂದ ಕಲಿತ ಒಂದು ಮಾತನ್ನು ನೀನು ಹೊರಡುವ ಮೊದಲೇ ಹೇಳಿಬಿಡಬೇಕು. ಸಾಲಿನಲ್ಲಿ ನಿಂತವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಸಾಲಿಗೆ ಬಾರದವರು ಯಾರು, ಏಕೆ ಬರಲಿಲ್ಲ ಎಂದು ಹುಡುಕುವುದೇ ನಿನ್ನ ಕೆಲಸ ಎಂದು ತಿಳಿ.

ಇದನ್ನು ನಮ್ಮ ಸೀಮೆಯ ಕಥೆಯಿಂದಲೇ ಹೇಳುತ್ತೇನೆ. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಕೇಳಿದರೆ ನನ್ನ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತಿದ್ದಳು. ಅವಳು ಕಂಡದ್ದಲ್ಲ, ಅವಳ ತಾಯಿ ಹೇಳಿದ್ದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಬರ ಅದು. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ ಸುಮಾರು 50 ಲಕ್ಷ 55 ಸಾವಿರ ಜನ ಇದ್ದರು. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕವರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹುಟ್ಟಬೇಕಾಗಿದ್ದವರನ್ನು ಬಿಡು, ಇದ್ದವರಲ್ಲೇ ಅಷ್ಟು ಜನ ಇಲ್ಲವಾದರು.

ಆ ಕಾಲದಲ್ಲಿ ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ನನ್ನ ಚಿಕ್ಕಂದಿನಲ್ಲೂ ಊರಲ್ಲಿ ಒಂದೆರಡು ಉಳಿದಿದ್ದವು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ; ಬಾಯಿ ಕಿರಿದು, ಒಡಲು ಅಗಲ. ಒಳಗೆ ಸುತ್ತಲೂ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುವಂತಿಲ್ಲ, ಒಳಗಿನ ಗಾಳಿಗೆ ಉಸಿರುಕಟ್ಟಿ ಆಳು ಸತ್ತೇ ಹೋಗುತ್ತಾನೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬಹುದು.

ಹಗೇವು ತುಂಬಿದ್ದವರು ಮೊದಲ ವರ್ಷ ತಡೆದುಕೊಂಡರು. ಹೊಲವೇ ಇಲ್ಲದವನಿಗೆ ಹಗೇವು ಎಲ್ಲಿಂದ ಬರಬೇಕು? ಕೂಲಿಯವರು, ಮಗ್ಗದವರು, ಊರಾಚೆಯ ಕೇರಿಯವರು ಮೊದಲು ಹೋದರು. ಉಳಿದವರ ಮನೆಯಿಂದ ಸಾಮಾನು ಒಂದೊಂದಾಗಿ ಹೊರಟಿತು. ಮೊದಲು ಓಲೆ, ಬಳೆ. ಆಮೇಲೆ ಹಿತ್ತಾಳೆ ಪಾತ್ರೆ. ಆಮೇಲೆ ಎತ್ತು. ಎತ್ತು ಮಾರಿದ ರೈತ ಮುಂದಿನ ಮಳೆ ಬಂದರೂ ಉಳಲಾರ. ಕೊನೆಗೆ ಬಾಗಿಲು, ಜಂತೆ. ಬರ ಎನ್ನುವುದು ಒಂದು ದಿನ ಬಂದು ಬೀಳುವುದಲ್ಲ ಕಣವ್ವ, ಹೀಗೆ ಮೆಟ್ಟಿಲು ಇಳಿದು ಬರುತ್ತದೆ. ನೀನು ಹೋಗುವ ಕಡೆ ಸಂತೆ ನಡೆಯುತ್ತಿದ್ದರೆ ಅಲ್ಲಿ ಏನು ಮಾರಾಟಕ್ಕೆ ಬಂದಿದೆ ನೋಡು. ಹೆಂಗಸರು ಅಡುಗೆ ಪಾತ್ರೆ ಮಾರಲು ತಂದಿದ್ದರೆ, ಕೊಟ್ಟ ಪಡಿತರದ ಚೀಲವನ್ನೇ ಮಾರಿ ಔಷಧಿ ಕೊಳ್ಳುತ್ತಿದ್ದರೆ, ನಿನ್ನ ಮೇಲಧಿಕಾರಿಯ ವರದಿ ಇನ್ನೂ ತಿಂಗಳ ನಂತರ ಹೇಳುವುದನ್ನು ಆ ಸಂತೆ ಅವತ್ತೇ ಹೇಳುತ್ತದೆ.

ಆಗ ಸರ್ಕಾರ ಸುಮ್ಮನೆ ಕೂತಿತ್ತು ಎಂದು ನಾನು ಹೇಳುವುದಿಲ್ಲ. ಹತ್ತನೇ ಚಾಮರಾಜ ಒಡೆಯರು ಇನ್ನೂ ಬಾಲಕರು; ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಗಂಜಿ ಕೇಂದ್ರ ತೆರೆದರು, ರಸ್ತೆ ಕೆರೆಗಳ ಕೂಲಿ ಕೆಲಸ ಹಚ್ಚಿದರು. ಹಣವೂ ಕರಗಿತು: 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಬರದ ಸಾಲವೇ 80 ಲಕ್ಷ ರೂಪಾಯಿ ತಲೆಯ ಮೇಲಿತ್ತು. ಅಷ್ಟಾದರೂ ಜನ ಸತ್ತರು. ಧಾನ್ಯ ಮದರಾಸಿನಿಂದ ರೈಲಿನಲ್ಲಿ ಬೆಂಗಳೂರಿಗೆ ಬರುತ್ತಿತ್ತು, ಅಲ್ಲಿಗೆ ರೈಲು ಮುಗಿಯಿತು. ಮುಂದೆ ಎತ್ತಿನ ಗಾಡಿ. ಮೇವಿಲ್ಲದೆ, ನೀರಿಲ್ಲದೆ ಎತ್ತುಗಳೇ ದಾರಿಯಲ್ಲಿ ಬೀಳುವಾಗ ಬೆಂಗಳೂರಿನ ನಿಲ್ದಾಣದಲ್ಲಿದ್ದ ಅಕ್ಕಿ ನರಸೀಪುರದ ಮಗುವಿನ ಬಾಯಿಗೆ ಹೇಗೆ ಬರಬೇಕು? ಮೈಸೂರಿಗೆ ರೈಲು ಮುಟ್ಟಿದ್ದು 1882ರಲ್ಲಿ, ನಂಜನಗೂಡಿಗೆ 1891ರಲ್ಲಿ. ದಳವಾಯಿ ದೇವರಾಜ 1735ರಲ್ಲಿ ಕಪಿಲೆಗೆ ಕಟ್ಟಿಸಿದ ಕಲ್ಲು ಸೇತುವೆಯ ಮೇಲೆ ರೈಲು ಹೋಗುವುದನ್ನು ನೋಡಲು ಜನ ಬರುತ್ತಿದ್ದರಲ್ಲ, ಆ ರೈಲು ದಾರಿಯ ಹಿಂದೆ ಇಷ್ಟು ಹೆಣಗಳಿವೆ.

ದಾರಿಯ ಕಷ್ಟ ಒಂದಾದರೆ, ಸರ್ಕಾರದ ಅನುಮಾನ ಇನ್ನೊಂದು. ಸುಲಭವಾಗಿ ಕೊಟ್ಟರೆ ಎಲ್ಲರೂ ಬಂದುಬಿಡುತ್ತಾರೆ, ನಿಜವಾಗಿ ಹಸಿದವನು ಯಾರು ಎಂದು ಪರೀಕ್ಷೆ ಮಾಡಬೇಕು ಎಂದು ಅವರ ಲೆಕ್ಕ. ಆದ್ದರಿಂದ ಮನೆಯಿಂದ ದೂರದ ದೊಡ್ಡ ಕಾಮಗಾರಿಗೆ ನಡೆದು ಬಂದು, ಮಣ್ಣು ಹೊತ್ತವನಿಗೆ ಕೂಲಿ. ಮದರಾಸು ಸೀಮೆಯಲ್ಲಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಇಳಿಸಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ. ಒಂದು ಪೌಂಡು ಅಂದರೆ ಅರ್ಧ ಕೆಜಿಗೂ ಕಡಿಮೆ. ದಿನವಿಡೀ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಅದು ಸಾಲುತ್ತದೆಯೇ ಎಂದು ನೀನು ಕ್ಯಾಲರಿ ಲೆಕ್ಕ ಹಾಕಿ ನೋಡು. ಅಲ್ಲಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ, ಆ ವರ್ಷವೇ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಎಷ್ಟು ಜನ ಹೋಗಿದ್ದರೋ. ಪರೀಕ್ಷೆ ಮಾಡಿದವರಿಗೆ ಒಂದು ಸಣ್ಣ ವಿಷಯ ಹೊಳೆಯಲಿಲ್ಲ. ಮೂರು ದಿನ ಹಸಿದವನು ಹತ್ತು ಮೈಲಿ ನಡೆದಾನು. ಮೂರು ವಾರ ಹಸಿದವನು ಹಟ್ಟಿಯ ಬಾಗಿಲಿಗೂ ಬರಲಾರ. ಹೆಚ್ಚು ಹಸಿದವನನ್ನೇ ಹೊರಗಿಡುವ ಪರೀಕ್ಷೆ ಅದು.

ಬರದ ಮಧ್ಯದಲ್ಲಿ ಮೈಸೂರಿಗೆ ಕ್ಷಾಮದ ಅಧಿಕಾರಿಯಾಗಿ ಬಂದ ಚಾರ್ಲ್ಸ್ ಎಲಿಯಟ್, ಮುಂದೆ ಇಡೀ ದೇಶದ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದ. ಆ ಆಯೋಗದಿಂದ ಹುಟ್ಟಿದ್ದೇ 1883ರ ಕ್ಷಾಮ ಸಂಹಿತೆ. ಅದರಲ್ಲೂ ಕೂಲಿ ಕೆಲಸದ ಷರತ್ತು ಇತ್ತು. ಆದರೆ ಕೆಲಸ ಮಾಡಲಾರದ ಮುದುಕರು, ರೋಗಿಗಳು, ಬಸುರಿ ಬಾಣಂತಿಯರಿಗೆ ಅವರವರ ಊರಿನಲ್ಲೇ ಪುಕ್ಕಟೆ ಧಾನ್ಯ ಕೊಡಬೇಕು, ಊರೂರು ಸುತ್ತಿ ಪಟ್ಟಿ ಮಾಡಬೇಕು ಎಂಬ ಮಾತು ಕಾಯಿದೆಯ ಪುಸ್ತಕದೊಳಗೆ ಬಂತು. ಹಸಿದವನು ಸರ್ಕಾರದ ಬಳಿಗೆ ಬರಲಾರದಿದ್ದರೆ ಸರ್ಕಾರ ಅವನ ಬಳಿಗೆ ಹೋಗಬೇಕು ಎಂದು ಒಪ್ಪಿಕೊಳ್ಳುವುದಕ್ಕೆ ಅಷ್ಟು ಲಕ್ಷ ಜನ ಸಾಯಬೇಕಾಯಿತು. ನೀನು ಆ ಪಾಠವನ್ನು ಮತ್ತೆ ಮೊದಲಿಂದ ಕಲಿಯಬೇಕಾಗಿಲ್ಲ.

ನಂಜನಗೂಡಿನಲ್ಲಿ ಹುಟ್ಟಿ ಬೆಳೆದವರಿಗೆ ಇಲ್ಲಿ ಒಂದು ಅನುಮಾನ ಬರಬಹುದು. ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ದಾಸೋಹ ನಡೆಯುತ್ತದೆ, ಸುತ್ತೂರಿನ ಜಾತ್ರೆಯಲ್ಲಿ ಲಕ್ಷ ಲಕ್ಷ ಜನ ಉಣ್ಣುತ್ತಾರೆ. ಅನ್ನ ಹಾಕುವುದನ್ನು ನಮಗೆ ಯಾರು ಕಲಿಸಬೇಕು ಅಂತ. ದಾಸೋಹ ದೊಡ್ಡದು, ಅದನ್ನು ಕಂಡೇ ನಾವು ಬೆಳೆದದ್ದು. ಅಲ್ಲಿ ಜಾತಿ ಕೇಳದೆ, ಕಾರ್ಡು ಕೇಳದೆ ಎಲೆ ಹಾಕುತ್ತಾರೆ. ಆ ಗುಣವನ್ನು ನೀನು ಗಂಟುಕಟ್ಟಿಕೊಂಡು ಹೋಗು. ಆದರೆ ದಾಸೋಹ ಬಂದವರಿಗೆ ಬಡಿಸುತ್ತದೆ. ಸರ್ಕಾರದ ಹೊಣೆ ಅಲ್ಲಿಂದ ಆಚೆಗೂ ಇದೆ. ಬಾರದವನ ಲೆಕ್ಕವೂ ಅದರ ತಲೆಗೇ ಬರುತ್ತದೆ, ಯಾಕೆಂದರೆ ಅವನೂ ಅದರ ಪ್ರಜೆ, ಅವನಿಗೆ ಕೊಡುವುದು ದಾನವಲ್ಲ. ಪರದೇಶದ ನಿರಾಶ್ರಿತನಾದರೆ ಇನ್ನೂ ಹೆಚ್ಚು, ಅವನಿಗೆ ಕೇಳಲು ಒಬ್ಬ ಎಮ್ಮೆಲ್ಲೆಯೂ ಇಲ್ಲ.

ಯುದ್ಧದ ಹಸಿವು ಮಳೆಯ ಹಸಿವಿನಂತಲ್ಲ. ಅದನ್ನೂ ನಮ್ಮ ಹೊಳೆಯ ದಂಡೆ ಕಂಡಿದೆ. 1791ರ ಮೇ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಕೆಳಗೆ ಕಾವೇರಿ ತೀರದ ಅರಕೆರೆಯವರೆಗೆ ಬಂತು. ಟಿಪ್ಪುವಿನ ಕಡೆಯವರು ಮುಂಚೆಯೇ ಆ ದಾರಿಯ ಮೇವು, ಧಾನ್ಯ ಸುಟ್ಟು ಊರುಗಳನ್ನು ಬರಿದು ಮಾಡಿದ್ದರು. ಕಂಪನಿಯ ಎತ್ತುಗಳು ಹಿಂಡು ಹಿಂಡಾಗಿ ಸತ್ತವು. ಎಳೆಯುವವರಿಲ್ಲದೆ ತಮ್ಮ ದೊಡ್ಡ ಫಿರಂಗಿಗಳನ್ನು ತಾವೇ ಹಾಳುಗೆಡವಿ ಅವರು ಹಿಂದಿರುಗಬೇಕಾಯಿತು. ಇದು ಎಲ್ಲ ಚರಿತ್ರೆಯ ಪುಸ್ತಕದಲ್ಲೂ ಇದೆ. ಖಾಲಿ ಮಾಡಿಸಿದ ಊರುಗಳ ರೈತರು ಆ ಮಳೆಗಾಲ ಏನು ತಿಂದರು ಎಂದು ಬರೆದಿಟ್ಟವರು ಕಡಿಮೆ. ಇಬ್ಬರು ದೊರೆಗಳ ನಡುವೆ ಸಿಕ್ಕಿಕೊಂಡವರ ಹೆಸರು ಯಾವ ಸೈನ್ಯದ ಪಟ್ಟಿಯಲ್ಲೂ ಇರುವುದಿಲ್ಲ.

ಸೂಡಾನಿನ ಎಲ್ ಫಾಶರ್ ಎಂಬ ಊರಿನ ಹೆಸರು ನಿನಗೆ ಈಗ ಬಾಯಿಪಾಠ ಆಗಿರಬೇಕು. ನಮ್ಮ ಜಿಲ್ಲೆಯವರು ಅದನ್ನು ಮೊದಲು ಕೇಳಿದ್ದು 2023ರ ಏಪ್ರಿಲ್‌ನಲ್ಲಿ. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ, ಹುಣಸೂರಿನ ಪಕ್ಷಿರಾಜಪುರದವರೂ ಸೇರಿ, ಅಲ್ಲಿ ಗುಂಡಿನ ನಡುವೆ ಅನ್ನ ನೀರಿಲ್ಲದೆ ಸಿಕ್ಕಿಬಿದ್ದಿದ್ದರು. ನಮ್ಮ ಸರ್ಕಾರ 'ಆಪರೇಷನ್ ಕಾವೇರಿ' ಎಂದು ಹೆಸರಿಟ್ಟು ಸೂಡಾನಿನಿಂದ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಮ್ಮವರು ಮನೆ ಸೇರಿದರು, ಪೇಪರಿನಲ್ಲಿ ಆ ಸುದ್ದಿ ಮುಗಿಯಿತು. ಎಲ್ ಫಾಶರಿನವರಿಗೆ ಅದು ಶುರು ಅಷ್ಟೆ. ಊರಿನ ಪಕ್ಕದ ಜಮ್ಜಮ್ ಶಿಬಿರದಲ್ಲಿ ಕ್ಷಾಮ ಇದೆ ಎಂದು 2024ರ ಆಗಸ್ಟ್ 1ರಂದು ತಜ್ಞರು ಘೋಷಿಸಿದರು. ಊರನ್ನು ಸುಮಾರು ಒಂದೂವರೆ ವರ್ಷ ಮುತ್ತಿಗೆ ಹಾಕಿ, ಸುತ್ತ ಮಣ್ಣಿನ ದಿಬ್ಬ ಎತ್ತಿ, 2025ರ ಅಕ್ಟೋಬರ್ 26ರಂದು ಒಂದು ಪಡೆ ಅದನ್ನು ವಶಮಾಡಿಕೊಂಡಿತು. ಮುತ್ತಿಗೆಯ ಕಾಲದಲ್ಲಿ ಜನ 'ಅಂಬಾಜ್' ತಿಂದರು. ಅಂಬಾಜ್ ಎಂದರೆ ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿ, ನಾವು ಹಸುವಿಗೆ ನೆನೆಸಿ ಇಡುತ್ತೇವಲ್ಲ, ಅದೇ. ಆ ಹಿಂಡಿಯೂ ಕೊನೆಗೆ ದುಬಾರಿಯಾಗಿ ಕೈಗೆ ಸಿಗದಾಯಿತು.

ಇದನ್ನು ಓದಿದ ದಿನ ನನಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನೆನಪಾಗಿ ಹೊಟ್ಟೆ ಕಿವುಚಿದಂತಾಯಿತು. 1950ರಲ್ಲಿ ಆ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಜೊತೆಯವರು ತಲೆ ಕೆಡಿಸಿಕೊಂಡದ್ದು ಇದಕ್ಕೇ: ಎಣ್ಣೆ ತೆಗೆದ ಕಡಲೆಕಾಯಿಯನ್ನು ಶುದ್ಧ ಮಾಡಿ, ಕಡಲೆ ಹಿಟ್ಟು ಸೇರಿಸಿ, ಬಡವರ ಮಕ್ಕಳಿಗೆ ಪುಷ್ಟಿ ಕೊಡುವ ಆಹಾರ ಮಾಡುವುದು. ಇವತ್ತು ನೀನು ಕೈಯಲ್ಲಿ ಹಿಡಿಯುವ ಕಡಲೆಕಾಯಿ ಲೇಹದ ಪೊಟ್ಟಣವೂ ಅದೇ ದಾರಿಯದು, ಅದಕ್ಕೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಬೆರೆತಿದೆ. ಪದಾರ್ಥ ಒಂದೇ ಆದರೂ ಒಂದು ಮಗುವನ್ನು ಉಳಿಸುತ್ತದೆ, ಇನ್ನೊಂದು ಹೊಟ್ಟೆ ಕೆಡಿಸುತ್ತದೆ. ನಡುವೆ ಇರುವುದು ಜ್ಞಾನ ಮತ್ತು ಲಾರಿ ಹೋಗುವ ದಾರಿ. ಜ್ಞಾನ ನಿನ್ನ ಬಳಿ ಇದೆ. ದಾರಿಯನ್ನು ಬಂದೂಕು ಹಿಡಿದವರು ತಡೆಯುತ್ತಾರೆ. ನೀನು ಹೋಗುವ ಅದ್ರೆ ಗಡಿಯನ್ನೇ ಸೂಡಾನ್ ಸರ್ಕಾರ 2024ರ ಫೆಬ್ರುವರಿಯಲ್ಲಿ ಮುಚ್ಚಿ ಆಗಸ್ಟ್‌ವರೆಗೂ ತೆರೆಯಲಿಲ್ಲ. 2025ರ ಜೂನ್‌ನಲ್ಲಿ ಎಲ್ ಫಾಶರಿಗೆ ಹೊರಟಿದ್ದ ವಿಶ್ವಸಂಸ್ಥೆಯ ಲಾರಿಗಳ ಮೇಲೆ ದಾರಿಯಲ್ಲೇ ದಾಳಿಯಾಗಿ ಐದು ಜನ ಸತ್ತರು. ಜನರನ್ನು ಹಸಿವಿನಿಂದ ಕೊಲ್ಲುವುದನ್ನು ಯುದ್ಧದ ಆಯುಧ ಮಾಡಬಾರದೆಂದು ಭದ್ರತಾ ಮಂಡಳಿ 2018ರಲ್ಲೇ 2417ನೇ ನಿರ್ಣಯ ಮಾಡಿದೆ. ನಿರ್ಣಯ ಕಾಗದದ ಮೇಲಿದೆ ಎಂದು ಹಗುರವಾಗಿ ಮಾತಾಡಬೇಡ. ದಾರಿ ತಡೆದವರು ಯಾರು, ಯಾವ ದಿನ, ಎಷ್ಟು ಲಾರಿ ನಿಂತವು ಎಂದು ಪ್ರತಿದಿನ ಬರೆದಿಡು. ಎಂದಾದರೂ ವಿಚಾರಣೆ ಆದರೆ ನಿನ್ನ ರಿಜಿಸ್ಟರೇ ಸಾಕ್ಷಿ.

ನೆರವು ಕೊಡುವ ಸರ್ಕಾರಗಳ ಬಗ್ಗೆಯೂ ಒಂದೆರಡು ಮಾತು. ನಾನು ಪರದೇಶದ ನೆರವು ತಿಂದು ಬೆಳೆದ ಹುಡುಗ. 1966ರ ಸುಮಾರಿಗೆ ನರಸೀಪುರ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಅಮೆರಿಕದ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು, ಹಾಲಿನ ಪುಡಿ ಕಲಸಿ ಲೋಟಕ್ಕೆ ಹುಯ್ಯುತ್ತಿದ್ದರು. ಒಲೆಯ ಹತ್ತಿರ ತಟ್ಟೆ ಹಿಡಿದು ನಿಂತ ಆ ರುಚಿ ಇನ್ನೂ ನಾಲಿಗೆಯಲ್ಲಿದೆ. ನನ್ನ ಓರಗೆಯ ಕೆಲವರು ಗೌಡರ ಮನೆಯ ದನ ಕಾಯಲು ಜೀತಕ್ಕಿದ್ದರು. ಅವರು ಶಾಲೆಗೇ ಬರುತ್ತಿರಲಿಲ್ಲ, ಉಪ್ಪಿಟ್ಟು ಅವರಿಗಿರಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ಹಸಿದಿದ್ದವರು ಅವರೇ.

ಆ ಗೋಧಿಯ ಹಿಂದೆ ನಡೆದದ್ದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾಯಿತು, ಮೇಲೆ ಮಳೆ ಕೈಕೊಟ್ಟಿತು. ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಒಟ್ಟಿಗೆ ಬಿಡದೆ ತಿಂಗಳಿಗಿಷ್ಟು ಎಂದು ಬಿಗಿಹಿಡಿದು ಬಿಡುತ್ತಿದ್ದ. ನಮ್ಮ ಕೃಷಿ ನೀತಿ ಹೀಗಿರಬೇಕು, ವಿಯೆಟ್ನಾಂ ಬಗ್ಗೆ ನಾವು ಮಾತಾಡುವುದು ಅವನಿಗೆ ಹಿಡಿಸದು ಎಂಬ ಲೆಕ್ಕವೆಲ್ಲ ಅದರಲ್ಲಿತ್ತು. ಪ್ರಧಾನಿ ಶಾಸ್ತ್ರಿಯವರು ಸೋಮವಾರ ರಾತ್ರಿ ಒಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು. ನಂಜುಂಡೇಶ್ವರನ ಸೋಮವಾರ ಹಿಡಿಯುವ ನಮ್ಮ ಸೀಮೆಗೆ ಅದು ಹೊಸದೆನಿಸಲಿಲ್ಲ.

ನೆರವಿನ ಹಗ್ಗದ ತುದಿ ಈಗಲೂ ಕೊಡುವವನ ಕೈಯಲ್ಲೇ ಇದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಸೂಡಾನಿನಲ್ಲಿ ಊರಿನ ಹುಡುಗರೇ ನಡೆಸುತ್ತಿದ್ದ ನೂರಾರು ಅಡುಗೆಮನೆಗಳು ಮುಚ್ಚಿದವು. ಇನ್ನೊಂದು ಕಡೆ ನೋಡು: ತಾಲಿಬಾನ್ ಸರ್ಕಾರವನ್ನು ನಮ್ಮ ದೇಶ ಮಾನ್ಯ ಮಾಡಿರಲಿಲ್ಲ, ನಡುವೆ ಇದ್ದದ್ದು ಪಾಕಿಸ್ತಾನ. ಆದರೂ ಅಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡುತ್ತೇವೆಂದು ಹೇಳಿ, ಪಾಕಿಸ್ತಾನದೊಡನೆ ತಿಂಗಳುಗಟ್ಟಲೆ ಮಾತಾಡಿ, 2022ರ ಫೆಬ್ರುವರಿ 22ರಂದು ಅಟ್ಟಾರಿ ಗಡಿಯಿಂದ 2,500 ಟನ್ನಿನ ಮೊದಲ ಕಂತನ್ನು 50 ಅಫ್ಘನ್ ಲಾರಿಗಳಲ್ಲಿ ಕಳಿಸಿದರು. ದೊರೆಗಳು ಮುಖ ನೋಡದಿದ್ದರೂ ಗೋಧಿಗೆ ದಾರಿ ಬಿಡಿಸಬಹುದು ಎನ್ನುವುದಕ್ಕೆ ಇದನ್ನು ನೆನಪಿಡು. ಯಾವ ದೇಶದ ಚೀಲ ಬಂದರೂ ಮೇಲಿನ ಬಾವುಟದ ಗುರುತು ನೋಡಿ ನೀನು ಹಿಗ್ಗಬೇಡ, ಕುಗ್ಗಬೇಡ. ಒಂದು ದೇಶ ಕೈಬಿಟ್ಟರೂ ಇಷ್ಟು ದಿನ ಒಲೆ ಉರಿಯಬೇಕು ಎಂದು ಒಂದು ಪಾಲನ್ನು ಬದಿಗಿಡಿ ಎಂದು ಮೀಟಿಂಗಿನಲ್ಲಿ ಗಟ್ಟಿಯಾಗಿ ಹೇಳು. ಚಿಕ್ಕವಳು ಎಂದು ಬಾಯಿ ಮುಚ್ಚಿ ಕೂರಬೇಡ.

ಇನ್ನು ಕೆಲಸದ ಮಾತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಹುಟ್ಟಿದ್ದೇ ಗೋದಾಮಿನ ಬಾಗಿಲಲ್ಲಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಚೀಲ ಇಳಿಸುವಾಗ ಹಮಾಲಿಗಳು ಕೊಕ್ಕೆ ಹಾಕುತ್ತಾರೆ, ತೂತಿನಿಂದ ಕಾಳು ಜಿನುಗುತ್ತದೆ, ಒಂದು ಚೀಲಕ್ಕೆ ಒಂದು ಹಿಡಿಯಾದರೂ ಲಾರಿಗೆ ಎಷ್ಟಾಯಿತು ನೋಡು. ನೆಲಕ್ಕೆ ಬಿದ್ದದ್ದನ್ನು ಗುಡಿಸಿ ಅಳೆದು ಪುಸ್ತಕಕ್ಕೆ ಹತ್ತಿಸು. ಒದ್ದೆ ಚೀಲ ತೂಕ ಹೆಚ್ಚು ತೋರಿಸುತ್ತದೆ, ಕೈ ಒಳಗೆ ಹಾಕಿ ನೋಡದೆ ರುಜು ಮಾಡಬೇಡ. ಡಬ್ಬದಲ್ಲಿ ಅಳೆದು ಕೊಡುವ ಕಡೆ ಡಬ್ಬದ ತಳ ನೋಡು, ಒಳಕ್ಕೆ ತಗ್ಗಿಸಿರುತ್ತಾರೆ. ಅಳೆಯುವವನ ಹೆಬ್ಬೆರಳು ಡಬ್ಬದೊಳಗಿದ್ದರೆ ಹೊರಗೆ ತೆಗೆಸು. ತೂಕದ ಯಂತ್ರವನ್ನು ಸಾಲಿನಲ್ಲಿ ನಿಂತವರಿಗೆ ಕಾಣುವಂತೆ ಇಡಿಸು, ಇವತ್ತು ತಲೆಗೆ ಎಷ್ಟು ಎಂದು ಅವರ ಭಾಷೆಯಲ್ಲಿ ಕೂಗಿ ಹೇಳಿಸು. ಮೋಸ ಎಷ್ಟೋ ಪಾಲು ಅಲ್ಲೇ ನಿಲ್ಲುತ್ತದೆ.

ಮೋಸಕ್ಕಿಂತ ದೊಡ್ಡ ಕಂಟಕ ಯಂತ್ರದ ಮೇಲಿನ ನಂಬಿಕೆ. ನಾನು ನಿವೃತ್ತನಾದ ಮೇಲೆ ಕಂಡದ್ದು ಹೇಳುತ್ತೇನೆ. ನಾಟಿ, ಕಳೆ, ಹುಣಸೆ ಬಿಡಿಸುವುದು ಎಂದು ಹುಟ್ಟಿದಂದಿನಿಂದ ಕೂಲಿ ಮಾಡಿದ ಒಬ್ಬ ಅಜ್ಜಿ. ಅವಳ ಬೆರಳಿನ ಗೆರೆಗಳು ಸವೆದು ಕಲ್ಲಿನಂತಾಗಿದ್ದವು. ಹೆಬ್ಬೆಟ್ಟು ಒತ್ತುವ ಯಂತ್ರ ಅವಳನ್ನು ಗುರುತಿಸಲಿಲ್ಲ. ಒರೆಸಿ ಒತ್ತಿದಳು, ಎಣ್ಣೆ ಸವರಿ ಒತ್ತಿದಳು, ಹಿಂದಿದ್ದವರು ಬೇಗ ಬೇಗ ಎಂದರು, ನಾಚಿಕೆಯಾಗಿ ಹಿಂದಿರುಗಿದಳು. ಮುಂದಿನ ತಿಂಗಳು ಹೋಗಲೇ ಇಲ್ಲ. ಪುಸ್ತಕದಲ್ಲಿ ಅವಳು 'ಪಡಿತರ ಪಡೆಯದವಳು' ಆದಳು, ಬೇಕಿಲ್ಲದವರ ಪಟ್ಟಿಗೆ ಸೇರಿದಳು. ಬೆರಳು ಬಾರದವರಿಗೆ ಬೇರೆ ದಾರಿ ನಿಯಮದಲ್ಲೇ ಇದೆ. ಅದನ್ನು ಅವಳಿಗೆ ಹೇಳುವವರು ಇರಲಿಲ್ಲ, ಅಷ್ಟೆ. ಅಲ್ಲಿ ನಿನ್ನ ಯಂತ್ರವೂ ಬೆರಳು ಕೇಳುತ್ತದೆ, ಕಣ್ಣು ಕೇಳುತ್ತದೆ. ಯಂತ್ರ ಇಲ್ಲ ಎಂದವನನ್ನು ಬರಿಗೈಯಲ್ಲಿ ಕಳಿಸಬೇಡ. ಮೊದಲು ಕೊಡು, ಹೆಸರು ಬರೆದುಕೊ, ಅನುಮಾನವನ್ನು ಆಮೇಲೆ ಪರಿಹರಿಸಿಕೊ. ಇಬ್ಬರು ಸುಳ್ಳರು ಎರಡು ಸಲ ತಗೊಂಡರೆ ಎರಡು ಚೀಲ ಹೋಯಿತು. ಒಬ್ಬ ಹಸಿದವಳನ್ನು ತಿರುಗಿಸಿದರೆ ಏನು ಹೋಯಿತು ಎಂದು ನಾಳೆ ಯಾರೂ ಲೆಕ್ಕ ಕೊಡಲಾರರು.

ಪ್ರತಿ ಹಂಚಿಕೆಯ ಸಂಜೆ, ಬಂದವರ ಪಟ್ಟಿ ಮುಗಿಸಿದ ಮೇಲೆ ಬಾರದವರ ಪಟ್ಟಿ ಮಾಡು. ಹೋದ ಸಲ ಬಂದು ಈ ಸಲ ಬಾರದವರು ಯಾರು? ಗಂಡನಿಲ್ಲದೆ ಮಕ್ಕಳನ್ನು ಬಿಟ್ಟು ಬರಲಾರದ ತಾಯಿ, ಕಾಲು ಕಳೆದುಕೊಂಡವನು, ಬೇರೆ ಬುಡಕಟ್ಟಿನವನೆಂದು ಸಾಲಿನಲ್ಲಿ ತಳ್ಳಿಸಿಕೊಂಡವನು, ರಾತ್ರಿ ಬಂದು ಇನ್ನೂ ಹೆಸರು ಹಚ್ಚಿಸದವರು. ಅವರ ವಿಷಯ ಕಚೇರಿಯಲ್ಲಿ ಕೇಳಿದರೆ ಸಿಗದು. ನೀರು ಹಿಡಿಯುವ ಕಡೆ ಹೆಂಗಸರನ್ನು ಕೇಳು. ಅಡುಗೆಮನೆ ನಡೆಸುವ ಅಲ್ಲಿನ ಹುಡುಗ ಹುಡುಗಿಯರನ್ನು ಕೇಳು, ಅವರಿಗೆ ಯಾವ ಗುಡಾರದಲ್ಲಿ ಹೊಗೆ ಏಳಲಿಲ್ಲ ಎನ್ನುವುದೂ ಗೊತ್ತು. ಹೆಣ ಹೂಳಲು ಗುಂಡಿ ತೋಡುವವನನ್ನೂ ಕೇಳು. ಕ್ಷಾಮ ಎಂದು ಘೋಷಿಸಲು ನೂರಕ್ಕೆ ಇಪ್ಪತ್ತು ಮನೆ ಪೂರ್ತಿ ಹಸಿದಿರಬೇಕು, ನೂರಕ್ಕೆ ಮೂವತ್ತು ಮಕ್ಕಳು ತೀರಾ ಬಡಕಲಾಗಿರಬೇಕು, ಹತ್ತು ಸಾವಿರಕ್ಕೆ ದಿನಕ್ಕೆ ಇಬ್ಬರು ಸಾಯುತ್ತಿರಬೇಕು ಎಂದು ನೀನೇ ನನಗೆ ವಿವರಿಸಿದ್ದೆ. ಆ ಮೂರನೆಯ ಅಂಕಿ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ. ಗುಂಡಿ ತೋಡುವವನು ಸಣ್ಣ ಗುಂಡಿಗಳು ಹೆಚ್ಚಾದವು ಎಂದ ದಿನವೇ ನೀನು ಎದ್ದು ಓಡಬೇಕು.

ಮಕ್ಕಳ ತೋಳಿಗೆ ಸುತ್ತುವ ಮೂರು ಬಣ್ಣದ ಪಟ್ಟಿ ಯಾವಾಗಲೂ ಜೇಬಿನಲ್ಲಿರಲಿ. ತೋಳು ಹನ್ನೊಂದೂವರೆ ಸೆಂಟಿಮೀಟರಿಗಿಂತ ಸಣ್ಣದಾಗಿ ಕೆಂಪು ಬಂತೆಂದರೆ ಆ ಮಗುವಿಗೆ ತಿಂಗಳ ಪಡಿತರ ಕೊಟ್ಟು ಕಳಿಸುವುದಲ್ಲ, ಕೈಹಿಡಿದು ಆಸ್ಪತ್ರೆಯ ಗುಡಾರಕ್ಕೆ ಕರೆದುಕೊಂಡು ಹೋಗುವುದು. ಬಹಳ ದಿನ ಹಸಿದ ಹೊಟ್ಟೆಗೆ ಒಮ್ಮೆಲೇ ತುಂಬ ಹಾಕಿದರೆ ಜೀವಕ್ಕೇ ಅಪಾಯ ಎನ್ನುವುದು ನಿನಗೆ ಗೊತ್ತು, ತಾಯಂದಿರಿಗೆ ಗೊತ್ತಿರುವುದಿಲ್ಲ. ಅವರನ್ನು ಗದರಿಸದೆ ಹೇಳು. ಅವರು ಜೋಳ, ಸಜ್ಜೆಯ ಹಿಟ್ಟಿನಲ್ಲಿ 'ಅಸೀದಾ' ಮಾಡುತ್ತಾರಂತೆ, ಹೆಚ್ಚು ಕಡಿಮೆ ನಮ್ಮ ಮುದ್ದೆಯೇ. ಜೋಳ ಕೊಟ್ಟರೆ ಬೀಸಲು ಏನಿದೆ, ಬೇಯಿಸಲು ಸೌದೆ ಇದೆಯೇ, ಸೌದೆಗೆ ಹೋದ ಹೆಂಗಸು ಕ್ಷೇಮವಾಗಿ ಬರುತ್ತಾಳೆಯೇ ಎಂದು ಕೇಳಿಕೊಂಡು ಕೊಡು. ಕಾಳು ಕೊಟ್ಟಲ್ಲಿಗೆ ನಿನ್ನ ಕೆಲಸ ಮುಗಿಯಲಿಲ್ಲ, ಅದು ಬೇಯಬೇಕು.

ಹಸಿದವರ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಬೇಡ. ನಿನ್ನ ಮಗುವನ್ನು ಹಾಗೆ ತೋರಿಸಲು ಒಪ್ಪುತ್ತೀಯಾ ಎಂದು ಕೇಳಿಕೊ. ಅಲ್ಲಿನವರು ನಿನಗಿಂತ ಹಿರಿಯರಾದರೆ ಅವರ ಭಾಷೆಯ ಗೌರವದ ಮಾತನ್ನು ಮೊದಲು ಕಲಿತುಕೊ. ಮೊನ್ನೆಯವರೆಗೆ ಮನೆ, ಹೊಲ, ಅಂಗಡಿ ಇದ್ದವರು ಅವರು, ಕೈಚಾಚುವುದು ಅವರಿಗೆ ಹೊಸದು.

ಕೊನೆಗೆ ನಿನ್ನ ವಿಷಯ. ಹೊಸದಾಗಿ ಹೋದವರಿಗೆ ಅಂಥ ಜಾಗದಲ್ಲಿ ಊಟ ಇಳಿಯುವುದಿಲ್ಲ, ಇಷ್ಟು ಜನ ಹಸಿದಿರುವಾಗ ನಾನು ಹೇಗೆ ತಿನ್ನಲಿ ಅನ್ನಿಸುತ್ತದೆ. ತಿನ್ನಬೇಕು. ಅವರ ಕಣ್ಣೆದುರಿಗೆ ಬೇಡ, ಒಳಗೆ ಕೂತು ಹೊತ್ತು ಹೊತ್ತಿಗೆ ತಿನ್ನು. ತಲೆ ಸುತ್ತಿ ಬೀಳುವ ಹುಡುಗಿಯಿಂದ ಬಾರದವರ ಮನೆ ಹುಡುಕುವ ಕೆಲಸ ಆಗದು. ಅಜ್ಜಿ ಸೋಮವಾರದ ಉಪವಾಸ ಬಿಡಬೇಡ ಎಂದು ಹೇಳಿ ಕಳಿಸುತ್ತಾಳೆ. ಅಲ್ಲಿರುವಷ್ಟು ದಿನ ಅದನ್ನು ಬಿಡು. ಅಜ್ಜಿಗೆ ನಾನು ಹೇಳುತ್ತೇನೆ, ನಂಜುಂಡೇಶ್ವರನಿಗೂ ನಾನೇ ಹೇಳುತ್ತೇನೆ. ಮೊದಲ ಸಂಬಳದಲ್ಲಿ ನನಗೆ ಏನೂ ಕಳಿಸಬೇಡ, ಗಟ್ಟಿ ಅಟ್ಟೆಯ ಒಂದು ಜೊತೆ ಬೂಟು ಕೊಂಡುಕೊ. ಆ ಕೆಲಸದಲ್ಲಿ ನಡಿಗೆ ಬಹಳ.

ನಿನ್ನ ತಾತ